ಗಣಿಯೊಳಗಿನ ಕ್ಯಾನರಿ, ಪಂಜರ ಹಿಡಿದ ಕೈ

(ಪದವಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಇಂಗ್ಲಿಷ್ ನುಡಿಗಟ್ಟಿನ ಬಗ್ಗೆ ಮಾತಾಡುತ್ತೇನೆ. 'ಕ್ಯಾನರಿ ಇನ್ ದ ಕೋಲ್ ಮೈನ್'. ಅಂದರೆ ಕಲ್ಲಿದ್ದಲು ಗಣಿಯೊಳಗಿನ ಕ್ಯಾನರಿ ಎಂಬ ಪುಟ್ಟ ಹಾಡುಹಕ್ಕಿ. ಗಾಳಿಯಲ್ಲಿ ವಿಷ ಇದೆಯೇ ಎಂದು ತಿಳಿಯಲು ಅದನ್ನು ಪಂಜರದಲ್ಲಿಟ್ಟು ಗಣಿಗೆ ಒಯ್ಯುತ್ತಿದ್ದರು. ಇಂಗ್ಲಿಷ್ ಪೇಪರ್ ಓದುವವರ ಕಣ್ಣಿಗೆ ಇದು ಬಿದ್ದೇ ಇರುತ್ತದೆ. ಸಮುದ್ರದಲ್ಲಿ ಹವಳ ಬಿಳಿಚಿಕೊಂಡಾಗ ಈ ಮಾತು ಬರುತ್ತದೆ. ಒಂದು ಸಣ್ಣ ಬ್ಯಾಂಕ್ ಬಾಗಿಲು ಹಾಕಿದಾಗ ಬರುತ್ತದೆ. ಕಪ್ಪೆಗಳು ಕಡಿಮೆಯಾದವು ಎನ್ನುವ ಸುದ್ದಿಯಲ್ಲೂ ಬರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಂತೂ 'ಕ್ಯಾನರಿ' ದಿನನಿತ್ಯದ ಮಾತು.

ಅರ್ಥ ಒಂದು ಸಾಲಿನದು. ದೊಡ್ಡ ಅಪಾಯ ಎಲ್ಲರನ್ನೂ ಮುಟ್ಟುವ ಮೊದಲೇ ಅದನ್ನು ತೋರಿಸಿಕೊಡುವ ಸುಳಿವು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಮಾತನ್ನು ಸರಿಯಾಗಿ ಬಳಸಲು ಇಷ್ಟು ಸಾಲದು. ಎಲ್ಲರ ಗಮನವೂ ಹಕ್ಕಿಯ ಮೇಲೇ ಇರುತ್ತದೆ. ಹಕ್ಕಿ ಬಿತ್ತು, ಹಕ್ಕಿ ಸತ್ತಿತು, ಅಷ್ಟೇ. ಆ ಪಂಜರವನ್ನು ಹಿಡಿದುಕೊಂಡು ಒಬ್ಬ ಮನುಷ್ಯ ನಿಂತಿದ್ದ ಅಲ್ವಾ? ಅವನು ಹಕ್ಕಿಯನ್ನೇ ನೋಡುತ್ತಿದ್ದ. ಅದು ತೂರಾಡಿದ ಕೂಡಲೇ ಹಿಂದಕ್ಕೆ ಹೊರಡುತ್ತಿದ್ದ. ಅವನನ್ನು ಬಿಟ್ಟರೆ ಈ ನುಡಿಗಟ್ಟಿನ ಅರ್ಧ ಹೋಯಿತು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಇದಕ್ಕೆ ನಾವು ಗಣಿಗೆ ಇಳಿಯಬೇಕು.

ಕಲ್ಲಿದ್ದಲು ಗಣಿಯಲ್ಲಿ ಹೆದರಿಕೆ ಹುಟ್ಟಿಸುವ ಗಾಳಿಗಳು ಹಲವು ಬಗೆ. ಬ್ರಿಟನ್ನಿನ ಗಣಿ ಕೆಲಸಗಾರರು ಒಂದೊಂದಕ್ಕೂ ಒಂದೊಂದು ಹೆಸರು ಇಟ್ಟಿದ್ದರು. ಫೈರ್‌ಡ್ಯಾಂಪ್ ಅಂದರೆ ಮೀಥೇನ್. ಕಿಡಿ ತಾಗಿದರೆ ಸಿಡಿಯುತ್ತದೆ. ಬ್ಲ್ಯಾಕ್‌ಡ್ಯಾಂಪ್ ಅಂದರೆ ಆಮ್ಲಜನಕ ತೀರಿಹೋದ ಗಾಳಿ. ಅದರಲ್ಲಿ ಉಸಿರು ಕಟ್ಟುತ್ತದೆ. ಸ್ಫೋಟವಾದ ಮೇಲೆ ಸುರಂಗದಲ್ಲಿ ಉಳಿಯುವ ಗಾಳಿಗೆ ಆಫ್ಟರ್‌ಡ್ಯಾಂಪ್ ಎನ್ನುತ್ತಿದ್ದರು. 1815ರಲ್ಲಿ ಹಂಫ್ರಿ ಡೇವಿ ಸುರಕ್ಷಾ ದೀಪ ಮಾಡಿದ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೋಪಿಯಂತೆ ಬೆಳಕು ಏಳುತ್ತದೆ. ಆಮ್ಲಜನಕ ಕಡಿಮೆಯಾದರೆ ಜ್ವಾಲೆ ಕುಗ್ಗುತ್ತದೆ. ಅಂದರೆ ಎರಡು ಅಪಾಯಗಳನ್ನು ದೀಪವೇ ಹೇಳುತ್ತಿತ್ತು.

ಮೂರನೆಯದನ್ನು ಮಾತ್ರ ದೀಪ ಹೇಳುತ್ತಿರಲಿಲ್ಲ. ಅದು ಕಾರ್ಬನ್ ಮಾನಾಕ್ಸೈಡ್. ಬೆಂಕಿ ಅರೆಬರೆ ಉರಿದಾಗ ಹುಟ್ಟುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಸ್ಫೋಟದ ನಂತರ ಒಳಗೆ ಸಿಕ್ಕಿಕೊಂಡವರನ್ನು ಹುಡುಕಲು ಹೋದವರು ದೀಪ ಉರಿಯುತ್ತಿದೆ ಎಂಬ ಧೈರ್ಯದಲ್ಲೇ ಮುಂದೆ ನಡೆದು ಅಲ್ಲೇ ಕುಸಿಯುತ್ತಿದ್ದರು.

ಈ ಅನಿಲ ದೇಹದೊಳಗೆ ಮಾಡುವುದೇನು? ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದರೆ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆಮ್ಲಜನಕ ಬಾಗಿಲಲ್ಲಿ ಹತ್ತಿ ಬರುವಷ್ಟರಲ್ಲಿ ಸೀಟು ಭರ್ತಿ. ಗಾಳಿಯಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೆದುಳಿಗೆ ತಲುಪುವುದಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಕಾಲು ಸೋಲುತ್ತದೆ. ಇದರಲ್ಲಿ ಮಂಪರೇ ಘೋರ. ತನಗೆ ಏನೋ ಆಗುತ್ತಿದೆ ಎಂದು ತಿಳಿಯುವ ಬುದ್ಧಿಯೇ ಮೊದಲು ಮಂಕಾಗುತ್ತದೆ. ಹಾಗಾಗಿಯೇ ಅಪಾಯವನ್ನು ಹೇಳಲು ತನ್ನನ್ನು ಬಿಟ್ಟು ಬೇರೊಂದು ಜೀವ ಬೇಕಾಯಿತು.

ಗಣಿ ಸ್ಫೋಟಗಳ ನಂತರ ಜನರನ್ನು ಕೊಲ್ಲುತ್ತಿದ್ದದ್ದು ಈ ಅನಿಲ ಎಂದು ತೋರಿಸಿಕೊಟ್ಟವನು ಜಾನ್ ಸ್ಕಾಟ್ ಹಾಲ್ಡೇನ್. 1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವನು. ಉಸಿರಾಟದ ವಿಜ್ಞಾನದಲ್ಲಿ ಬಹಳ ದೊಡ್ಡ ಹೆಸರು. 1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಎಂಬಲ್ಲಿ ಗಣಿ ಸಿಡಿದು 57 ಜನ ಸತ್ತರು. ಹಾಲ್ಡೇನ್ ಅಲ್ಲಿಗೆ ಹೋದ. ಶವಗಳನ್ನು ಪರೀಕ್ಷಿಸಿದ. ಎಲ್ಲರೂ ಸ್ಫೋಟದ ಹೊಡೆತಕ್ಕೆ ಸತ್ತರೆಂದು ಊರು ನಂಬಿತ್ತು. ಆದರೆ ಹಲವರ ಮೈಮೇಲೆ ಸಾಯುವಂಥ ಗಾಯವೇ ಇರಲಿಲ್ಲ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾರ್ಬನ್ ಮಾನಾಕ್ಸೈಡ್ ಸೇರಿದ ರಕ್ತದ ಬಣ್ಣ ಅದು. ಅಂದರೆ ಆ ಜನ ಸ್ಫೋಟದಿಂದ ಪಾರಾಗಿದ್ದರು. ಸತ್ತದ್ದು ಆಮೇಲೆ, ಹೊರಗೆ ಬರುವ ದಾರಿಯಲ್ಲಿ. ಅದೇ ವರ್ಷ ಅವನು ಗೃಹಮಂತ್ರಿಗೆ ಕೊಟ್ಟ ವರದಿಯಲ್ಲಿ ಇದನ್ನು ವಿವರವಾಗಿ ಬರೆದ. ಸ್ಫೋಟದಲ್ಲಿ ಉಳಿದವರು ಆಮೇಲೂ ಉಳಿಯಬಹುದಿತ್ತು ಎಂದು ಈ ವರದಿ ಮೊದಲ ಸಲ ಗಟ್ಟಿಯಾಗಿ ಹೇಳಿತು. ನನಗೆ ಅದರ ತೂಕವೇ ಅಲ್ಲಿ ಕಾಣುತ್ತದೆ.

ಹಾಲ್ಡೇನ್ ಮೊದಲು ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುವ ಮನುಷ್ಯ. ಆ ಅನಿಲವನ್ನು ತಾನೇ ಉಸಿರಾಡಿ ಎಷ್ಟು ಹೊತ್ತಿಗೆ ತಲೆ ಸುತ್ತಿತು, ಎಷ್ಟು ಹೊತ್ತಿಗೆ ಕೈಬರಹ ಕೆಟ್ಟಿತು ಎಂದು ಗಮನಿಸಿದ. ಮಗನನ್ನೂ ಗಣಿಗೆ ಕರೆದುಕೊಂಡು ಹೋಗುತ್ತಿದ್ದ. ಒಮ್ಮೆ ಮೀಥೇನ್ ತುಂಬಿದ ಮೂಲೆಯಲ್ಲಿ ಆ ಹುಡುಗನನ್ನು ನಿಲ್ಲಿಸಿ, ಶೇಕ್ಸ್‌ಪಿಯರ್ ನಾಟಕದ ಮಾರ್ಕ್ ಆಂಟನಿ ಭಾಷಣವನ್ನು ಬಾಯಿಪಾಠ ಹೇಳು ಎಂದನಂತೆ. ಹುಡುಗ ಸ್ವಲ್ಪ ಹೇಳುವಷ್ಟರಲ್ಲಿ ಏದುಸಿರು ಬಂದು ಕುಸಿದ. ನೆಲಕ್ಕೆ ಬಿದ್ದ ಮೇಲೆ ಉಸಿರಾಟ ಸರಿಹೋಯಿತು. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬುದನ್ನು ಅವನು ಕಲಿತದ್ದು ಹೀಗೆ. ಆ ಹುಡುಗನೇ ಮುಂದೆ ಜೆ.ಬಿ.ಎಸ್. ಹಾಲ್ಡೇನ್ ಎಂದು ಹೆಸರಾದ ಜೀವವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, ಇಲ್ಲಿನ ಪ್ರಜೆಯಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಈ ನುಡಿಗಟ್ಟಿನ ಮನೆತನ ನಮ್ಮ ದೇಶದ ತನಕ ಬಂದಿದೆ ಎನ್ನಲು ಇದನ್ನು ಹೇಳಿದೆ.

ಅಪಾಯ ಗೊತ್ತಾಯಿತು. ಅದನ್ನು ಪತ್ತೆ ಮಾಡುವುದು ಹೇಗೆ? ಆಗ ಅದಕ್ಕೆ ಒಯ್ಯಬಹುದಾದ ಯಂತ್ರ ಇರಲಿಲ್ಲ. ಸಣ್ಣ ಪ್ರಾಣಿಗಳನ್ನು ಒಯ್ಯಿರಿ ಎಂದು ಹಾಲ್ಡೇನ್ ಸಲಹೆ ಕೊಟ್ಟ. ಪ್ರಾಣಿ ಸಣ್ಣದಾದಷ್ಟೂ ಅದರ ಉಸಿರು, ಎದೆಬಡಿತ ಜೋರು. ಹಾಗಾಗಿ ವಿಷ ಅದರ ರಕ್ತಕ್ಕೆ ಬೇಗ ಏರುತ್ತದೆ. ಮೊದಲು ಇಲಿಗಳನ್ನು ಬಳಸಿದರು. ಇಲಿಯಲ್ಲಿ ಒಂದು ತೊಡಕಿತ್ತು. ಅದು ಹುಷಾರು ತಪ್ಪಿದರೂ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಸುಮ್ನೆ ಕೂತಿದ್ದರೂ ಹಾಗೆಯೇ ಕಾಣುತ್ತದೆ. ಕತ್ತಲ ಗಣಿಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಹಕ್ಕಿ ಹಾಗಲ್ಲ. ಕೋಲಿನ ಮೇಲೆ ಕೂತಿರುತ್ತದೆ. ಮೈ ಸರಿಯಿಲ್ಲದಿದ್ದರೆ ತೂರಾಡುತ್ತದೆ, ಕೋಲಿನಿಂದ ಕೆಳಗೆ ಬೀಳುತ್ತದೆ. ಮಂದ ಬೆಳಕಿನಲ್ಲೂ ಕಾಣುತ್ತದೆ.

ಹಕ್ಕಿಯ ಉಸಿರಾಟವೂ ಬೇರೆ ರೀತಿ. ನಾವು ಒಳಗೆ ಎಳೆದುಕೊಂಡ ಗಾಳಿಯನ್ನು ಬಂದ ದಾರಿಯಲ್ಲೇ ಹೊರಗೆ ಬಿಡುತ್ತೇವೆ. ಹಕ್ಕಿಯ ದೇಹದಲ್ಲಿ ಶ್ವಾಸಕೋಶದ ಜೊತೆ ಗಾಳಿಚೀಲಗಳಿವೆ. ಉಸಿರು ಎಳೆದುಕೊಂಡಾಗಲೂ ಬಿಟ್ಟಾಗಲೂ ಶ್ವಾಸಕೋಶದ ಮೂಲಕ ಹೊಸ ಗಾಳಿ ಒಂದೇ ದಿಕ್ಕಿನಲ್ಲಿ ಹಾಯುತ್ತದೆ. ಹಾರಲು ಬೇಕಾದ ಆಮ್ಲಜನಕ ಒದಗುವುದು ಇದರಿಂದಲೇ. ಗಾಳಿಯಲ್ಲಿ ವಿಷ ಇದ್ದರೆ ಅದೂ ಅಷ್ಟೇ ಬೇಗ ಒಳಗೆ ಸೇರುತ್ತದೆ.

ಕ್ಯಾನರಿಯೇ ಯಾಕೆ ಎಂದು ಕೇಳಬಹುದು. ಬೇರೆ ಸಣ್ಣ ಹಕ್ಕಿಗಳನ್ನೂ ಪರೀಕ್ಷಿಸಿದ್ದರು. ಕ್ಯಾನರಿ ಯುರೋಪಿನಲ್ಲಿ ಮನೆಮನೆಯ ಸಾಕುಹಕ್ಕಿ. ಪಂಜರಕ್ಕೆ ಒಗ್ಗಿಕೊಂಡಿತ್ತು, ಸುಲಭವಾಗಿ ಸಿಗುತ್ತಿತ್ತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿ ಕೆಲಸಗಾರರು ಇವುಗಳನ್ನು ಹಾಡಿಗಾಗಿ ಸಾಕಿ ಮಾರುತ್ತಿದ್ದರು. ಅದಕ್ಕೂ ವಿಷಗಾಳಿಗೂ ಸಂಬಂಧ ಇರಲಿಲ್ಲ. ಅಮೆರಿಕದಲ್ಲಿ 1910ರಲ್ಲಿ ಗಣಿಗಳಿಗಾಗಿಯೇ ಸರ್ಕಾರದ ಇಲಾಖೆಯೊಂದು ಶುರುವಾಯಿತು. ಅಲ್ಲಿನ ಜಾರ್ಜ್ ಬರೆಲ್ ಇಲಿ, ಹಕ್ಕಿಗಳನ್ನು ಹೋಲಿಸಿ ನೋಡಿ ಕ್ಯಾನರಿಯೇ ವಾಸಿ ಎಂದ. ಅವನು ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ. ತೂರಾಡಿ ಬಿದ್ದ ಹಕ್ಕಿಯನ್ನು ಒಳ್ಳೆಯ ಗಾಳಿಗೆ ತಂದರೆ ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ಅದೇ ಹಕ್ಕಿಯನ್ನು ಮತ್ತೆ ಬಳಸಬಹುದು.

ಹಕ್ಕಿ ಸಾಯಲೇಬೇಕಿರಲಿಲ್ಲ! ನುಡಿಗಟ್ಟನ್ನು ಬಳಸುವ ಬಹಳ ಜನಕ್ಕೆ ಇದು ಗೊತ್ತಿಲ್ಲ. ಸೀಬ್ ಗೋರ್ಮನ್ ಎಂಬ ಬ್ರಿಟಿಷ್ ಕಂಪನಿ ಇದಕ್ಕಾಗಿಯೇ ವಿಶೇಷ ಪಂಜರ ಮಾಡುತ್ತಿತ್ತು. ಮುಂದುಗಡೆ ದುಂಡನೆಯ ಬಾಗಿಲು. ಅದು ತೆರೆದಿರುವಾಗ ಜಾಲರಿಯ ಮೂಲಕ ಗಣಿಯ ಗಾಳಿ ಒಳಗೆ ಬರುತ್ತದೆ. ಮೇಲುಗಡೆ ಒಂದು ಪುಟ್ಟ ಆಮ್ಲಜನಕದ ಸಿಲಿಂಡರ್. ಅದೇ ಪಂಜರದ ಹಿಡಿಯೂ ಹೌದು. ಹಕ್ಕಿ ಬಿದ್ದ ಕೂಡಲೇ ಬಾಗಿಲು ಮುಚ್ಚಿ ಸಿಲಿಂಡರಿನ ತಿರುಪು ತೆಗೆದರೆ ಒಳಗೆ ಆಮ್ಲಜನಕ ತುಂಬುತ್ತದೆ. ಹಕ್ಕಿ ಎದ್ದು ಕೂರುತ್ತದೆ. ಇಂಥ ಪಂಜರವೊಂದನ್ನು ಮ್ಯಾಂಚೆಸ್ಟರಿನ ವಿಜ್ಞಾನ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದನ್ನು ಮಾಡಿದವರ ಮನಸ್ಸಿನಲ್ಲಿ ಹಕ್ಕಿ ಬರೀ ಬಳಸಿ ಎಸೆಯುವ ವಸ್ತುವಾಗಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಶತಮಾನಗಳಿಂದ ಪ್ರತಿ ಕೆಲಸಗಾರನೂ ದಿನಾ ಒಂದು ಹಕ್ಕಿ ಹಿಡಿದು ಗಣಿಗೆ ಇಳಿಯುತ್ತಿದ್ದ ಎಂದು ಚಿತ್ರ ಬರೆದುಕೊಳ್ಳುತ್ತಾರೆ. ಹಾಗಿಲ್ಲ. ಇದು ಹಾಲ್ಡೇನ್ ನಂತರದ, 1890ರ ದಶಕದಿಂದ ಈಚೆಯ ಪದ್ಧತಿ. ಹೆಚ್ಚಾಗಿ ಬಳಸುತ್ತಿದ್ದವರು ಬೆಂಕಿ ಅಥವಾ ಸ್ಫೋಟವಾದ ಮೇಲೆ ಒಳಗೆ ಹೋಗುವ ರಕ್ಷಣಾ ತಂಡದವರು. ಅವರ ಬಳಿ ಉಸಿರಾಟದ ಉಪಕರಣ ಇರುತ್ತಿತ್ತು. ಎಲ್ಲಿಯವರೆಗೆ ಅದಿಲ್ಲದೆ ನಡೆಯಬಹುದು, ಎಲ್ಲಿಂದ ಹಾಕಿಕೊಳ್ಳಲೇಬೇಕು ಎಂಬ ಗೆರೆಯನ್ನು ಹಕ್ಕಿ ತೋರಿಸುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕಂದಕದ ಅಡಿಗೆ ಸುರಂಗ ಕೊರೆದ ಸೈನಿಕರೂ ಇಲಿ, ಕ್ಯಾನರಿಗಳನ್ನು ಇಟ್ಟುಕೊಂಡಿದ್ದರು. ಎಡಿನ್‌ಬರೋ ಕೋಟೆಯೊಳಗಿನ ಸ್ಕಾಟ್ಲೆಂಡಿನ ಯುದ್ಧ ಸ್ಮಾರಕದಲ್ಲಿ ಅವುಗಳ ಚಿತ್ರವನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. 'ಸುರಂಗದವರ ಗೆಳೆಯರು' ಎಂದು ಬರೆಸಿದ್ದಾರೆ.

ಬ್ರಿಟನ್ನಿನ ಗಣಿಗಳಲ್ಲಿ 1911ರಿಂದ ಕ್ಯಾನರಿ ಇಡುವುದು ಪದ್ಧತಿಯಾಯಿತು. 1986ರ ಕೊನೆಯಲ್ಲಿ ಅವುಗಳ ಬದಲು ಎಲೆಕ್ಟ್ರಾನಿಕ್ ಉಪಕರಣ ತರುವುದಾಗಿ ಸರ್ಕಾರ ಹೇಳಿತು. ಆಗಲೂ 200ಕ್ಕೂ ಹೆಚ್ಚು ಹಕ್ಕಿಗಳು ಕೆಲಸದಲ್ಲಿದ್ದವು. ಗಣಿಯ ಜನ ಅವುಗಳಿಗೆ ಸಿಳ್ಳೆ ಹಾಕಿ ಮಾತಾಡಿಸುತ್ತಿದ್ದರು, ಸಾಕಿದ ಹಾಗೆ ನೋಡಿಕೊಳ್ಳುತ್ತಿದ್ದರು. ಹಕ್ಕಿ ಹೋಗುತ್ತದೆ ಎಂದಾಗ ಅವರಿಗೆ ಬೇಜಾರಾಯಿತು ಎಂದು ಆಗಿನ ಸುದ್ದಿಗಳು ಹೇಳುತ್ತವೆ. ಅದಾದ ಮೇಲೂ ಒಮ್ಮೆ ಕ್ಯಾನರಿ ಜಗತ್ತಿಗೆಲ್ಲ ಕಾಣಿಸಿತು. 1995ರ ಮಾರ್ಚಿನಲ್ಲಿ ಟೋಕಿಯೋದ ಮೆಟ್ರೋ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟರು ನೋಡಿ, ಆಗ ಅದನ್ನು ಮಾಡಿದ ಓಂ ಶಿನ್ರಿಕ್ಯೊ ಎಂಬ ಪಂಥದ ನೆಲೆಯ ಮೇಲೆ ದಾಳಿ ಮಾಡಿದ ಪೊಲೀಸರ ಕೈಯಲ್ಲಿ ಕ್ಯಾನರಿ ಪಂಜರ ಇತ್ತು.

ಈಗ ನುಡಿಗಟ್ಟಿಗೆ ಬರೋಣ.

ಗಣಿಯ ಹಕ್ಕಿ ಗಣಿಯ ಹೊರಗಿನ ಮಾತಿಗೆ ಬಂದದ್ದಕ್ಕೆ ಒಂದು ಗಟ್ಟಿ ಉದಾಹರಣೆ 1953ರದು. ಫೀಲಿಕ್ಸ್ ಕೋಹೆನ್ ಎಂಬ ಅಮೆರಿಕದ ವಕೀಲ ಅಲ್ಲಿನ ಮೂಲನಿವಾಸಿಗಳ ಹಕ್ಕುಗಳಿಗಾಗಿ ಬದುಕಿಡೀ ದುಡಿದವನು. ಆ ವರ್ಷಗಳಲ್ಲಿ ಸರ್ಕಾರ ಮೂಲನಿವಾಸಿಗಳ ಜೊತೆಗಿನ ಒಪ್ಪಂದಗಳಿಂದ ಕಳಚಿಕೊಳ್ಳಲು ಹೊರಟಿತ್ತು. ಆಗ ಅವನು ಬರೆದದ್ದರ ಸಾರ ಇದು: ನಮ್ಮ ರಾಜಕೀಯದ ಗಾಳಿ ಶುದ್ಧವಾಗಿದೆಯೋ ವಿಷವಾಗುತ್ತಿದೆಯೋ ಎಂಬುದನ್ನು ಗಣಿಯ ಕ್ಯಾನರಿಯಂತೆ ಮೂಲನಿವಾಸಿಗಳ ಸ್ಥಿತಿ ತೋರಿಸುತ್ತದೆ. ಜರ್ಮನಿಯಲ್ಲಿ ಯಹೂದಿಗಳಿಗೆ ಆದದ್ದನ್ನೂ ಅವನು ಅದೇ ಉಸಿರಿನಲ್ಲಿ ನೆನಪಿಸಿದ. ಸ್ವತಃ ಯಹೂದಿಯಾಗಿದ್ದ ಅವನಿಗೆ ಇದು ಅಲಂಕಾರದ ಮಾತಾಗಿರಲಿಲ್ಲ.

ಈ ಬಳಕೆಯನ್ನು ಸ್ವಲ್ಪ ಬಿಡಿಸಿ ನೋಡಿ. ಮೂಲನಿವಾಸಿಗಳು ಉಸಿರಾಡುವುದು ಉಳಿದ ಅಮೆರಿಕನ್ನರು ಉಸಿರಾಡುವ ಗಾಳಿಯನ್ನೇ. ಅವರಿಗೆ ತಾಗಿದ್ದು ನಾಳೆ ಉಳಿದವರಿಗೂ ತಾಗುತ್ತದೆ. ಅವರಿಗೆ ಮೊದಲು ತಾಗುವುದು ಅವರ ಕೈಯಲ್ಲಿ ಬಲ ಕಡಿಮೆ ಇರುವುದರಿಂದ. ಮತ್ತೆ, ಈಗಲೇ ಎಚ್ಚೆತ್ತರೆ ಸಮಯವಿದೆ. ಈ ಮೂರೂ ಇದ್ದರೆ ಮಾತ್ರ 'ಕ್ಯಾನರಿ' ಎಂದು ಹೇಳಿ. ಒಂದು ತಪ್ಪಿದರೂ ಬೇರೆ ಮಾತು ಹುಡುಕಿ.

ತರಗತಿಯಲ್ಲಿ ಮತ್ತೆ ಮತ್ತೆ ಕಾಣುವ ಬೆರಕೆಗಳನ್ನು ಹೇಳುತ್ತೇನೆ. ಕಂಪನಿಯ ಮೋಸವನ್ನು ಪತ್ರಿಕೆಗೆ ತಿಳಿಸಿದ ನೌಕರನನ್ನು ಕ್ಯಾನರಿ ಎಂದು ಬರೆಯುತ್ತಾರೆ. ಅಲ್ಲ. ಅವನು ತಿಳಿದು, ಧೈರ್ಯ ಮಾಡಿ ಮಾತಾಡಿದವನು. ಕ್ಯಾನರಿಗೆ ಏನೂ ತಿಳಿದಿಲ್ಲ, ಅದರ ಮೈಯೇ ಸುದ್ದಿ ಹೇಳುತ್ತದೆ. 'ಟಿಪ್ ಆಫ್ ದ ಐಸ್‌ಬರ್ಗ್' ಜೊತೆಗೂ ಬೆರೆಸುತ್ತಾರೆ. ಅಲ್ಲಿ ದೊಡ್ಡ ವಿಷಯ ಈಗಾಗಲೇ ಇದೆ, ಕಾಣುವುದು ಮಾತ್ರ ಸ್ವಲ್ಪ. ಕ್ಯಾನರಿಯಲ್ಲಿ ದೊಡ್ಡ ಅನಾಹುತ ಇನ್ನೂ ಆಗಿಲ್ಲ. 'ಲಾಸ್ಟ್ ಸ್ಟ್ರಾ' ಅಂತೂ ಪೂರ್ತಿ ಉಲ್ಟಾ, ಅದು ಕೊನೆಯ ಹೊರೆ, ಇದು ಮೊದಲ ಸುಳಿವು. ಇನ್ನು, ಒಳ್ಳೆಯ ಸುದ್ದಿಗೆ ಇದನ್ನು ಬಳಸುವ ಹಾಗೇ ಇಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವಲ್ಲ, ಆ ಸಂದರ್ಭಕ್ಕೆ ಕ್ಯಾನರಿಯನ್ನು ಕರೆಯಬೇಡಿ.

ಸಾಫ್ಟ್‌ವೇರಿನವರ ಬಳಕೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿ ಎಷ್ಟೋ ಜನ ಆ ಕೆಲಸಕ್ಕೇ ಹೋಗುವವರು. ಆಪ್‌ನ ಹೊಸ ಆವೃತ್ತಿಯನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ ಮೊದಲು ಕೆಲವೇ ಬಳಕೆದಾರರಿಗೆ ಬಿಡುತ್ತಾರೆ. ಅಲ್ಲಿ ತೊಂದರೆ ಕಂಡರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಇದಕ್ಕೆ ಕ್ಯಾನರಿ ರಿಲೀಸ್ ಎಂದು ಹೆಸರು. ಗೂಗಲ್ ತನ್ನ ಕ್ರೋಮ್ ಬ್ರೌಸರಿನ ತೀರಾ ಹೊಸ, ಇನ್ನೂ ಪಳಗದ ಆವೃತ್ತಿಗೆ ಕ್ಯಾನರಿ ಎಂದೇ ಹೆಸರಿಟ್ಟಿದೆ. ಇದು ಒಳ್ಳೆಯ ಬಳಕೆ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಇಲ್ಲಿ ಪಂಜರ ಹಿಡಿದವನು ಇದ್ದಾನೆ. ಒಬ್ಬ ಇಂಜಿನಿಯರ್ ಪರದೆಯ ಮೇಲೆ ದೋಷಗಳ ಸಂಖ್ಯೆಯನ್ನು ನೋಡುತ್ತಾ ಕೂತಿರುತ್ತಾನೆ. ಹಿಂದೆ ತಿರುಗುವ ದಾರಿಯನ್ನು ಮೊದಲೇ ಇಟ್ಟುಕೊಂಡಿರುತ್ತಾನೆ. ಯಾರೂ ನೋಡದೆ ಬಿಟ್ಟರೆ ಅದು ಕ್ಯಾನರಿ ರಿಲೀಸ್ ಅಲ್ಲ, ಬರೀ ಅಜಾಗರೂಕತೆ.

ಪಂಜರ ಹಿಡಿದವನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಮಿನಮಾಟ ಸಾಕ್ಷಿ. 1950ರ ದಶಕದ ಆರಂಭದಲ್ಲಿ ಆ ಕರಾವಳಿಯ ಮೀನುಗಾರರ ಹಳ್ಳಿಗಳಲ್ಲಿ ಬೆಕ್ಕುಗಳು ವಿಚಿತ್ರವಾಗಿ ಆಡತೊಡಗಿದವು. ನಡುಗುತ್ತಿದ್ದವು, ಸುತ್ತುತ್ತಿದ್ದವು, ಸೆಟೆದು ಸಾಯುತ್ತಿದ್ದವು. ಬೆಕ್ಕುಗಳು ಕುಣಿಯುತ್ತಿವೆ ಎಂದು ಜನ ಮಾತಾಡಿಕೊಂಡರು. ಬೆಕ್ಕು ತಿನ್ನುತ್ತಿದ್ದದ್ದು ಮನೆಯವರು ತಿನ್ನುತ್ತಿದ್ದ ಮೀನನ್ನೇ. 1956ರ ಮೇ 1ರಂದು ಮನುಷ್ಯರಲ್ಲಿ ಈ ಕಾಯಿಲೆಯ ವರದಿ ಅಧಿಕೃತವಾಗಿ ದಾಖಲಾಯಿತು. ಚಿಸ್ಸೊ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಡುತ್ತಿದ್ದ ನೀರಿನಲ್ಲಿದ್ದ ಪಾದರಸ ಅದಕ್ಕೆ ಕಾರಣ. 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ವೈದ್ಯರೇ ಆ ನೀರನ್ನು ಬೆಕ್ಕಿಗೆ ಆಹಾರದ ಜೊತೆ ಕೊಟ್ಟು ನೋಡಿದರು. ಬೆಕ್ಕಿಗೆ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ವಿಷ ಬಿಡುವುದು ನಿಂತದ್ದು 1968ರಲ್ಲಿ. ಬೆಕ್ಕು ಎರಡು ಸಲ ಹೇಳಿತು, ಒಮ್ಮೆ ಬೀದಿಯಲ್ಲಿ, ಒಮ್ಮೆ ಪ್ರಯೋಗಶಾಲೆಯಲ್ಲಿ. ಇಂಗ್ಲಿಷ್ ಬರಹಗಳಲ್ಲಿ ಮಿನಮಾಟದ ಬೆಕ್ಕನ್ನು ಕ್ಯಾನರಿ ಎಂದಾಗ ನನಗೆ ಅರ್ಧ ಒಪ್ಪಿಗೆ. ಬೆಕ್ಕು ತನ್ನ ಪಾಲಿನ ಸುಳಿವು ಕೊಟ್ಟಿತು. ತಿರುಗಿ ಹೊರಡಬೇಕಾದವರು ತಿರುಗಲಿಲ್ಲ.

ಮನುಷ್ಯರನ್ನು ಕ್ಯಾನರಿ ಎಂದು ಕರೆಯುವುದರ ಬಗ್ಗೆ ಒಂದು ಮಾತು. ಸಮುದ್ರ ಮಟ್ಟ ಏರುವ ಸುದ್ದಿ ಬಂದಾಗಲೆಲ್ಲ ತುವಾಲು, ಕಿರಿಬಾಟಿಯಂಥ ಪೆಸಿಫಿಕ್ ದ್ವೀಪಗಳನ್ನು ಹವಾಮಾನ ಬದಲಾವಣೆಯ ಕ್ಯಾನರಿ ಎನ್ನುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದನ್ನು ದ್ವೀಪದ ಒಬ್ಬ ಹೆಣ್ಣುಮಗಳು ಕೇಳಿಸಿಕೊಂಡರೆ ಹೇಗಿರುತ್ತದೆ ಯೋಚಿಸಿ. ನೀವು ಮುಳುಗುತ್ತೀರಿ, ಅದರಿಂದ ನಮಗೆ ಎಚ್ಚರಿಕೆ ಸಿಗುತ್ತದೆ ಎಂದ ಹಾಗಲ್ಲವೇ? ಪೆಸಿಫಿಕ್‌ನ ಯುವ ಹೋರಾಟಗಾರರು 'ನಾವು ಮುಳುಗುತ್ತಿಲ್ಲ, ಹೋರಾಡುತ್ತಿದ್ದೇವೆ' ಎಂದು ಘೋಷಣೆ ಕೂಗಿದರು. ಆ ಘೋಷಣೆ ನನಗೆ ಸರಿ ಎನಿಸುತ್ತದೆ. ಕೋಹೆನ್ ಹಾಗೆ ಬರೆದಾಗ ಅವನು ಆ ಜನರ ಪಕ್ಕದಲ್ಲಿ ನಿಂತು ಕೋರ್ಟಿನಲ್ಲಿ ವಾದ ಮಾಡುತ್ತಿದ್ದ, ಅವನಿಗೆ ಆ ಮಾತಿನ ಹಕ್ಕಿತ್ತು. ದೂರದಿಂದ ನೋಡುವ ನಾವು ಮನುಷ್ಯರಿಗೆ ಈ ಹೆಸರು ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ಕಪ್ಪೆಗೆ ಹೇಳಿ, ಹವಳಕ್ಕೆ ಹೇಳಿ, ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವಿಗೆ ಹೇಳಿ. ಪೇಟೆಯ ಹೊಗೆ ಜಾಸ್ತಿಯಾದರೆ ಎಷ್ಟೋ ಬಗೆಯ ಕಲ್ಲುಹೂವುಗಳು ಕಾಣೆಯಾಗುತ್ತವೆ. 1866ರಲ್ಲೇ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ನೈಲಾಂಡರ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಗಮನಿಸಿದ್ದ.

ಕೊನೆಗೆ ನಮ್ಮ ಮಲೆನಾಡಿಗೆ ಬರುತ್ತೇನೆ. ಈ ನುಡಿಗಟ್ಟನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲ ನೆನಪಾಗುವುದು ಸೊರಬದ ಕಾಡು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮೋರೆಯ ಮುಸುವ, ಕೆಂಪು ಮೋರೆಯ ಮಂಗ, ಎರಡೂ. ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೂ ಜೋರು ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗಗಳು ಸಾಯುತ್ತಿವೆ ಎಂದಾಗ ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದರೆ ಮಂಗಗಳೇ ಮೊದಲು ಸಾಯುತ್ತವೆ. ಇಲ್ಲಿ ಸಿಕ್ಕಿದ್ದು ಬೇರೆಯೇ, ಅದುವರೆಗೆ ಯಾರೂ ಕಾಣದ ವೈರಸ್. ಅದನ್ನು ಹರಡುವುದು ಕಾಡಿನ ಉಣುಗು. ಜಗತ್ತು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟಿತು. ನಮ್ಮವರು ಮೊದಲಿನಿಂದಲೂ ಕರೆಯುವುದು ಮಂಗನ ಕಾಯಿಲೆ ಎಂದೇ.

ಆ ಮಂಗ ಕ್ಯಾನರಿಯೇ? ಬಹುಮಟ್ಟಿಗೆ ಹೌದು. ಅದು ಇರುವುದು ಸೊಪ್ಪು, ಸೌದೆ, ತರಗೆಲೆಗೆ ಜನ ಹೋಗುವ ಕಾಡಿನಲ್ಲೇ. ಕಚ್ಚುವುದು ಅದೇ ಉಣುಗು. ಮಂಗಕ್ಕೆ ಕಾಯಿಲೆ ಬೇಗ ಹತ್ತುತ್ತದೆ, ಬೇಗ ಸಾಯುತ್ತದೆ. ಅದು ಸತ್ತು ಬಿದ್ದರೆ ಆ ಜಾಗದಲ್ಲಿ ವೈರಸ್ ಇರಬಹುದು ಎಂದು ಲೆಕ್ಕ. ಆದರೆ ಒಂದು ಕಡೆ ಹೋಲಿಕೆ ಮುರಿಯುತ್ತದೆ, ಅದನ್ನು ತಿಳಿದಿರಬೇಕು. ಗಣಿಯ ಕ್ಯಾನರಿ ಬಿದ್ದರೆ ಗಾಳಿಯಲ್ಲಿ ವಿಷ ಹೆಚ್ಚುವುದಿಲ್ಲ. ಇಲ್ಲಿ ಕಾಯಿಲೆಯ ಮಂಗದ ರಕ್ತ ಕುಡಿದ ಉಣುಗುಗಳಿಗೂ ವೈರಸ್ ಅಂಟುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವು ಅದನ್ನು ಬಿಟ್ಟು ಸುತ್ತಲಿನ ನೆಲಕ್ಕೆ, ಎಲೆಗಳಿಗೆ ಇಳಿಯುತ್ತವೆ. ಹಾಗಾಗಿ ಸತ್ತ ಮಂಗದ ಸುತ್ತಲಿನ ಜಾಗವೇ ಎಲ್ಲಕ್ಕಿಂತ ಅಪಾಯದ ಜಾಗ. ಇದು ಸುಳಿವೂ ಹೌದು, ಅಪಾಯದ ಮೂಲವೂ ಹೌದು. ಇಂಗ್ಲಿಷಿನಲ್ಲಿ ಬರೆಯುವವರು ಮಂಗವನ್ನು ಬರೀ ಕ್ಯಾನರಿ ಎಂದು ಬರೆದು ಬಿಟ್ಟರೆ ಈ ಎರಡನೆಯ ಮಾತು ಕಾಣೆಯಾಗುತ್ತದೆ.

ಪಂಜರ ಹಿಡಿದ ಕೈ ಇಲ್ಲಿ ಯಾರದು? ಕಾಡಿಗೆ ಹೋಗಿ ಬರುವ ಹಳ್ಳಿಯವರದು, ಅರಣ್ಯ ಇಲಾಖೆಯ ಕಾವಲುಗಾರರದು, ಆಶಾ ಕಾರ್ಯಕರ್ತೆಯರದು. ಅವರಲ್ಲಿ ಯಾರೋ ಒಬ್ಬರು ಮಂಗ ಸತ್ತಿದ್ದನ್ನು ನೋಡಿ ತಿಳಿಸಬೇಕು. ಆಮೇಲೆ ಇಲಾಖೆಯವರು ಬಂದು ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಸುತ್ತ ಕೀಟನಾಶಕ ಹಾಕಬೇಕು, ಆ ಕಡೆ ಹೋಗಬೇಡಿ ಎಂದು ಊರಿಗೆ ಹೇಳಬೇಕು. ಈ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಸುಳಿವು ವ್ಯರ್ಥ. 2018ರ ಕೊನೆ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆ ಹಲವು ಜೀವಗಳನ್ನು ತೆಗೆದುಕೊಂಡಿತು. ಆ ಊರುಗಳ ಜನಕ್ಕೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ, ಅವರು ಅದನ್ನು ಅನುಭವಿಸಿದವರು.

ಈ ಸಭೆಯಲ್ಲಿ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ ಕಡೆಯಿಂದ ಬಂದವರು ಇದ್ದೀರಿ. ರಜೆಗೆ ಊರಿಗೆ ಹೋಗುವ ಹೊತ್ತು ಇದು. ಕಾಯಿಲೆಯ ಕಾಲವೂ ಇದೇ, ಚಳಿಗಾಲದಿಂದ ಮಳೆ ಬರುವ ತನಕ. ತೋಟದ ಅಂಚಿನಲ್ಲೋ ಬೆಟ್ಟದಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ನಾಯಿ, ದನ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಕಾಡಿಗೆ ಹೋಗಿ ಬಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಲಿ. ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯುವುದು ಬೇಡ, ಕಾಡಿಗೆ ಹೋಗಿದ್ದೆವು ಎಂಬುದನ್ನು ಡಾಕ್ಟರಿಗೆ ಮೊದಲೇ ತಿಳಿಸಲಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.